ಅಂಗೈಯಗಲದ ಮರಿಗೆ ಲಸಿಕೆ ಹಾಕಿಸಿದ ಅನುಭವ

ನಮ್ಮ ಪಿಂಕಿ ಚಿವಾವಾ ತಳಿಯ ನಾಯಿಮರಿ. ಮೊದಲ ಲಸಿಕೆಯ ಹೊತ್ತಿಗೆ ಅವಳ ತೂಕ 700 ಗ್ರಾಂ ಅಷ್ಟೇ. ಚಿವಾವಾ, ಪಾಮೇರಿಯನ್, ಯಾರ್ಕ್‌ಶೈರ್ ಟೆರಿಯರ್, ಮಾಲ್ಟೀಸ್ ಮರಿಗಳನ್ನು ಸಾಕುವವರೆಲ್ಲ ಕೇಳುವ ಪ್ರಶ್ನೆಯನ್ನೇ ನಾನೂ ಡಾಕ್ಟರ್ ಹತ್ತಿರ ಕೇಳಿದೆ. ಇಷ್ಟು ಪುಟ್ಟ ಜೀವಕ್ಕೆ ದೊಡ್ಡ ನಾಯಿಗೆ ಹಾಕುವಷ್ಟೇ ಲಸಿಕೆನಾ? ಅರ್ಧ ಹಾಕಿದರೆ ಸಾಲದಾ?

"ಅರ್ಧ ಹಾಕಿದ್ರೆ ಏನೂ ಹಾಕದ ಹಾಗೇ ಆಗಬಹುದು, ಬೇಡ" ಅಂದರು ಡಾಕ್ಟರ್. ಜಂತುಹುಳು ಔಷಧವನ್ನು ತೂಕ ನೋಡಿ ಕೊಡುತ್ತಾರೆ. ಲಸಿಕೆಯ ಲೆಕ್ಕ ಹಾಗಲ್ಲ. ಕಾವಲುಗಾರನಿಗೆ ಕಳ್ಳನ ಮುಖ ತೋರಿಸಿದ ಹಾಗೆ ಅದು. ಮನೆ ಚಿಕ್ಕದು ಅಂತ ಅರ್ಧ ಮುಖ ತೋರಿಸಿದರೆ ಆಗುತ್ತದೆಯೇ? ದೇಹ ರೋಗವನ್ನು ಗುರುತಿಸಲು ಕನಿಷ್ಠ ಇಷ್ಟು ಬೇಕು ಅಂತ ಇರುತ್ತದೆ. ಅದು ಎಲ್ಲ ಮರಿಗಳಿಗೂ ಒಂದೇ.

ಹಾಗಾದರೆ ಪುಟ್ಟ ನಾಯಿಗಳಿಗೆ ತೊಂದರೆ ಜಾಸ್ತಿ ಅನ್ನುವುದು ಸುಳ್ಳೇ? ಸುಳ್ಳಲ್ಲ. ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಲಸಿಕೆ ಹಾಕಿಸಿಕೊಂಡ ಪ್ರತಿ 10,000 ನಾಯಿಗಳಲ್ಲಿ ಸುಮಾರು 38ಕ್ಕೆ ಮೂರು ದಿನಗಳ ಒಳಗೆ ಏನಾದರೊಂದು ಪ್ರತಿಕ್ರಿಯೆ ಕಾಣಿಸಿತ್ತು. ತೂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ನನ್ನ ಕಣ್ಣು ನಿಂತಿದ್ದು ಇನ್ನೊಂದು ಮಾತಿನ ಮೇಲೆ. ಒಂದೇ ಭೇಟಿಯಲ್ಲಿ ಹಾಕುವ ಲಸಿಕೆ ಒಂದೊಂದು ಹೆಚ್ಚಿದಂತೆ ಅಪಾಯವೂ ಏರುತ್ತದೆ, ಅದರಲ್ಲೂ 10 ಕಿಲೋ ಒಳಗಿನ ನಾಯಿಗಳಲ್ಲಿ ಇದು ಜಾಸ್ತಿ. ಅಂದರೆ ಡೋಸ್ ಪೂರ್ತಿ ಇರಲಿ, ಒಂದು ದಿನಕ್ಕೆ ಒಂದೇ ಲಸಿಕೆ ಇರಲಿ. ಪಿಂಕಿಯ ಇಡೀ ವೇಳಾಪಟ್ಟಿಯನ್ನು ನಾವು ಇದರ ಮೇಲೆಯೇ ಮಾಡಿದೆವು.

ಡಿಸ್ಟೆಂಪರ್, ಪಾರ್ವೊ, ಅಡೆನೊವೈರಸ್ ಅನ್ನುವ ಮೂರು ವೈರಸ್ ಸೋಂಕುಗಳಿಗೆ ಸೇರಿಸಿ ಕೊಡುವ ಒಂದೇ ಲಸಿಕೆ ಎಂಟನೇ ವಾರಕ್ಕೆ ಶುರುವಾಯಿತು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ದಾಟುವವರೆಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಾಗ ಲಸಿಕೆ ಕೆಲಸ ಮಾಡುವುದಿಲ್ಲ. ಆ ರಕ್ಷಣೆ ಯಾವ ಮರಿಗೆ ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ಹೇಳಲಾಗುವುದಿಲ್ಲ. ಅದಕ್ಕೇ ಪದೇ ಪದೇ ಹಾಕುವುದು. ಇದನ್ನು ತಪ್ಪಿಸುವ ಯೋಚನೆಯೇ ಬೇಡ. ಚಿಕಿತ್ಸೆ ಸಿಗದಿದ್ದರೆ ಪಾರ್ವೊ ಬಂದ ಹೆಚ್ಚಿನ ಮರಿಗಳು ಉಳಿಯುವುದಿಲ್ಲ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಕ್ಲಿನಿಕ್‌ನಲ್ಲಿ ನಾನು ಪಿಂಕಿಯನ್ನು ನೆಲಕ್ಕೆ ಬಿಡುತ್ತಲೇ ಇರಲಿಲ್ಲ. ತೂಕದ ಯಂತ್ರದ ಮೇಲೂ ನಮ್ಮದೇ ಬಟ್ಟೆ ಹಾಸಿ ಕೂರಿಸುತ್ತಿದ್ದೆ.

ರೇಬೀಸ್ ಮತ್ತು ಇಲಿ ಜ್ವರದ ಲಸಿಕೆ, ಅಂದರೆ ಲೆಪ್ಟೊ, ಇವೆರಡನ್ನೂ ಬೇರೆ ಬೇರೆ ದಿನ ಇಟ್ಟುಕೊಂಡೆವು. ನಡುವೆ ಎರಡು ಮೂರು ವಾರ ಬಿಟ್ಟೆವು. ಇಲ್ಲಿ ಒಂದು ವಿಷಯ ಕೇಳಿ ತಿಳಿದುಕೊಳ್ಳಬೇಕು. ಎಷ್ಟೋ ಲಸಿಕೆಗಳು ಎರಡು ಪುಟ್ಟ ಬಾಟಲಿಗಳಲ್ಲಿ ಬರುತ್ತವೆ. ಒಂದರಲ್ಲಿ ಒಣಪುಡಿ, ಇನ್ನೊಂದರಲ್ಲಿ ನೀರಿನಂಥದ್ದು. ಕೆಲವು ಕಂಪನಿಗಳ ಲಸಿಕೆಯಲ್ಲಿ ಆ ನೀರಿನಂಥದ್ದೇ ಲೆಪ್ಟೊ ಲಸಿಕೆ. ಎರಡನ್ನೂ ಬೆರೆಸಿ ಹಾಕಿದರೆ ನೋಡುವವರಿಗೆ ಒಂದೇ ಇಂಜೆಕ್ಷನ್, ಒಳಗೆ ಎಲ್ಲವೂ ಇರುತ್ತದೆ. ಬಾಟಲಿ ಒಡೆಯುವ ಮೊದಲೇ "ಇದರಲ್ಲಿ ಲೆಪ್ಟೊ ಇದೆಯಾ?" ಅಂತ ಕೇಳಿದರೆ ಸಾಕು. ಬೇಡ ಅಂದರೆ ಅದರ ಬದಲು ಲಸಿಕೆ ಕರಗಿಸಲೆಂದೇ ಇರುವ ಬರೀ ದ್ರಾವಣ ಬಳಸುತ್ತಾರೆ.

ಈ ಎಚ್ಚರ ಕೆಲಸಕ್ಕೆ ಬಂತು. ಮೂರೂ ಸೇರಿದ ಲಸಿಕೆಗೆ ಪಿಂಕಿ ಸ್ವಲ್ಪ ತೂಕಡಿಸಿದ್ದು ಬಿಟ್ಟರೆ ಏನೂ ಆಗಲಿಲ್ಲ. ಲೆಪ್ಟೊ ಒಂದನ್ನೇ ಹಾಕಿಸಿದ ದಿನ, ಇನ್ನೂ ಕ್ಲಿನಿಕ್‌ನಲ್ಲೇ ಕೂತಿದ್ದಾಗ, ಅವಳು ಮೂತಿಯನ್ನು ನನ್ನ ತೋಳಿಗೆ ಉಜ್ಜತೊಡಗಿದಳು. ನೋಡನೋಡುತ್ತಲೇ ತುಟಿ, ಕಣ್ಣಿನ ಸುತ್ತ ಊತ. ಹೊಟ್ಟೆಯ ಮೇಲೆ ದದ್ದು. ಡಾಕ್ಟರ್ ತಕ್ಷಣ ಅಲರ್ಜಿಗೆ ಇಂಜೆಕ್ಷನ್ ಕೊಟ್ಟು, ಉಸಿರಾಟ, ವಸಡಿನ ಬಣ್ಣ ನೋಡುತ್ತ ಸಂಜೆಯವರೆಗೂ ಅಲ್ಲೇ ಇಟ್ಟುಕೊಂಡರು. ಊತ ಇಳಿಯಿತು. ಅವತ್ತು ಹಾಕಿದ್ದು ಒಂದೇ ಲಸಿಕೆ ಆಗಿದ್ದರಿಂದ ಯಾವುದರಿಂದ ಹೀಗಾಯಿತು ಅಂತ ಗೊತ್ತಾಯಿತು. ಮೂರ್ನಾಲ್ಕು ಒಟ್ಟಿಗೆ ಹಾಕಿದ್ದರೆ ಆಮೇಲೆ ಎಲ್ಲದಕ್ಕೂ ಹೆದರುತ್ತ ಕೂರಬೇಕಿತ್ತು ಅಲ್ವಾ?

ನಾನು ಅಪಾಯಿಂಟ್‌ಮೆಂಟ್ ಯಾವಾಗಲೂ ಬೆಳಗ್ಗೆಯೇ ತೆಗೆದುಕೊಳ್ಳುತ್ತೇನೆ, ರಜೆಯ ಹಿಂದಿನ ದಿನ ಮಾತ್ರ ಬೇಡ. ಏನಾದರೂ ಆದರೆ ಕ್ಲಿನಿಕ್ ತೆರೆದಿರಬೇಕು. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರುತ್ತೇನೆ. ಜೀವಕ್ಕೇ ಅಪಾಯ ತರುವ ಅಲರ್ಜಿ ಹೆಚ್ಚಾಗಿ ಬೇಗನೇ ಕಾಣಿಸುತ್ತದೆ. ವಾಂತಿ, ಭೇದಿ, ಬಿಳಿಚಿದ ವಸಡು, ಕುಸಿದು ಬೀಳುವುದು. ಆಗ ಬೇಕಾಗುವ ಎಪಿನೆಫ್ರಿನ್ ಅನ್ನುವ ತುರ್ತು ಔಷಧ ಮನೆಯಲ್ಲಿ ಇರುವುದಿಲ್ಲ, ಡಾಕ್ಟರ್ ಹತ್ತಿರ ಇರುತ್ತದೆ. ಮುಖದ ಊತ ಮಾತ್ರ ಕೆಲವು ಗಂಟೆ ಬಿಟ್ಟೂ ಬರಬಹುದು. ಅದಕ್ಕೆ ಇಡೀ ದಿನ ಕಣ್ಣಿಟ್ಟಿರುತ್ತೇನೆ.

ಪುಟ್ಟ ಮರಿಗಳ ವಿಷಯದಲ್ಲಿ ಅಲರ್ಜಿಗಿಂತ ನನ್ನನ್ನು ಹೆಚ್ಚು ಕಾಡುವುದು ಸಕ್ಕರೆ ಇಳಿಯುವುದು. ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಲಸಿಕೆ ಆದ ಮೇಲೆ ಮರಿ ಮಂಕಾಗಿ ಮಲಗುವುದು ಸಹಜ. ದೊಡ್ಡ ಮರಿ ಒಂದು ಹೊತ್ತು ಊಟ ಬಿಟ್ಟರೆ ಏನೂ ಆಗುವುದಿಲ್ಲ. ಒಂದು ಕಿಲೋ ಕೂಡ ಇಲ್ಲದ ಮರಿಯ ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ತುಂಬಾ ಕಡಿಮೆ. ಕೆಲವು ಗಂಟೆ ತಿನ್ನದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮನೆಯವರು "ಲಸಿಕೆ ಹಾಕಿದ್ದಾರೆ, ನಿದ್ದೆ ಮಾಡಲಿ" ಅಂತ ಸುಮ್ನೆ ಬಿಟ್ಟಿರುತ್ತಾರೆ. ಮರಿ ನಿಜವಾಗಿ ನಿದ್ದೆಯಲ್ಲಿ ಇರುವುದಿಲ್ಲ.

ಎರಡನ್ನೂ ಬೇರೆ ಮಾಡಿ ನೋಡುವುದು ಹೀಗೆ. ಸಕ್ಕರೆ ಇಳಿದರೆ ತೂರಾಡುತ್ತ ನಡೆಯುತ್ತದೆ, ಕತ್ತು ನಿಲ್ಲುವುದಿಲ್ಲ, ಕಣ್ಣು ಶೂನ್ಯಕ್ಕೆ ನೆಟ್ಟಿರುತ್ತದೆ, ಮೈ ತಣ್ಣಗಿರುತ್ತದೆ, ಕೊನೆಗೆ ನಡುಕ, ಫಿಟ್ಸ್. ಅಲರ್ಜಿ ಆದರೆ ತುರಿಕೆ, ಊತ, ದದ್ದು, ವಾಂತಿ. ಬರೀ ಸುಸ್ತಾದ ಮರಿ ಹೆಸರು ಕರೆದರೆ ಎದ್ದು ನೋಡುತ್ತದೆ, ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಲಸಿಕೆಯ ದಿನ ನಾನು ಪಿಂಕಿಯನ್ನು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಿದ್ದೆ. ಹಾಗೇ ಬೆಚ್ಚಗಿನ ಮೆತ್ತನೆ ಊಟ ಚೂರು ಚೂರೇ ತಿನ್ನಿಸುತ್ತಿದ್ದೆ. ಹೊರಡುವ ಮೊದಲೂ ಒಂದಿಷ್ಟು ಊಟ ಆಗಿರುತ್ತಿತ್ತು.

ಒಂದು ಸಲ ಸಂಜೆ ಅವಳ ಹಿಂಗಾಲು ತೂರಾಡಿತು. ಗ್ಲೂಕೋಸ್ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲೆಸಿ ಬೆರಳಿನಿಂದ ವಸಡಿಗೆ ಸವರಿದೆ. ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಡಾಕ್ಟರ್‌ಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿದಳು. ತಕ್ಷಣ ಊಟ ಕೊಟ್ಟೆ. ಬರೀ ಸಕ್ಕರೆಯ ಶಕ್ತಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಹಿಂದೆಯೇ ಊಟ ಹೋಗದಿದ್ದರೆ ಮತ್ತೆ ಕುಸಿಯುತ್ತದೆ. ನೆನಪಿಡಿ, ಎಚ್ಚರ ಇಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಗ್ಲೂಕೋಸನ್ನು ಅದರ ವಸಡಿಗೆ ತೆಳ್ಳಗೆ ಸವರಿ ಆಸ್ಪತ್ರೆಗೆ ಓಡಬೇಕು. ಸಕ್ಕರೆರಹಿತ ಸಿಹಿ ಪದಾರ್ಥಗಳಲ್ಲಿ ಇರುವ ಕ್ಸೈಲಿಟಾಲ್ ನಾಯಿಗೆ ವಿಷ, ಅದು ರಕ್ತದಲ್ಲಿರುವ ಸಕ್ಕರೆಯನ್ನೂ ಇಳಿಸುತ್ತದೆ.

ಮನೆಯ ಔಷಧದ ಡಬ್ಬಿಯನ್ನಂತೂ ಮುಟ್ಟಬೇಡಿ. ಮೈ ಬಿಸಿ ಅಂತ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಟ್ಟರೆ ಇಷ್ಟು ಚಿಕ್ಕ ಮರಿಗೆ ಪ್ರಾಣಾಪಾಯ. ಅಲರ್ಜಿ ಮಾತ್ರೆಗಳಲ್ಲೂ ಶೀತಕ್ಕೆ ಬೇರೆ ಔಷಧ ಬೆರೆಸಿದವು ಇರುತ್ತವೆ, ಅವೂ ವಿಷವಾಗಬಹುದು. ನಾಯಿಯ ಮೈ ಬಿಸಿ ಸಹಜವಾಗಿಯೇ ನಮಗಿಂತ ಹೆಚ್ಚು, ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಮರಿ ಚೆನ್ನಾಗಿರುವ ದಿನಗಳಲ್ಲೇ ವಸಡಿನ ಬಣ್ಣ, ಮೈಯ ಬಿಸಿ ನೋಡಿಟ್ಟುಕೊಂಡಿದ್ದರೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ಇಂಜೆಕ್ಷನ್ ಹಾಕಿದ ಕಡೆ ಚಿಕ್ಕ ಗಂಟಾಗಿ ಕೆಲವು ವಾರಗಳಲ್ಲಿ ಕರಗುವುದು ಸಾಮಾನ್ಯ. ಬೆಳೆಯುತ್ತಾ ಹೋದರೆ ತೋರಿಸಬೇಕು. ರೇಬೀಸ್ ಲಸಿಕೆ ಹಾಕಿದ ಜಾಗದಲ್ಲಿ ತಿಂಗಳುಗಳ ನಂತರ ಕೂದಲು ಉದುರುವುದುಂಟು, ಪೂಡಲ್, ಮಾಲ್ಟೀಸ್, ಯಾರ್ಕ್‌ಶೈರ್‌ನಂಥ ಪುಟ್ಟ ತಳಿಗಳಲ್ಲಿ ಇದು ಹೆಚ್ಚು. ಹುಳುಕಡ್ಡಿ ಅಂತ ಮುಲಾಮು ಹಚ್ಚುತ್ತ ಕೂರುವ ಬದಲು ಆ ಜಾಗದಲ್ಲಿ ಯಾವ ಲಸಿಕೆ ಹಾಕಿತ್ತು ಅಂತ ನೋಡಬೇಕು. ನಮ್ಮ ಡಾಕ್ಟರ್ ಯಾವ ಲಸಿಕೆ ಯಾವ ಕಾಲಿನ ಕಡೆ ಅಂತ ಬರೆದು, ಬ್ಯಾಚ್ ನಂಬರ್ ಇರುವ ಸ್ಟಿಕ್ಕರನ್ನೂ ಪುಸ್ತಕದಲ್ಲಿ ಅಂಟಿಸುತ್ತಾರೆ.

ಲೆಪ್ಟೊ ಎರಡನೇ ಡೋಸ್ ಹಾಕಿಸಬೇಕಾ ಅನ್ನುವುದನ್ನು ಡಾಕ್ಟರ್ ಜೊತೆ ಕೂತು ಯೋಚಿಸಿದೆವು. ಇಲಿಗಳ ಓಡಾಟ, ನಿಂತ ನೀರು ಇದ್ದ ಕಡೆ ರೋಗದ ಅಪಾಯ ನಿಜ. ಅವಳಿಗೆ ಬಂದಿದ್ದು ಮುಖದ ಊತ, ದದ್ದು ಮಾತ್ರ. ಕುಸಿದು ಬಿದ್ದಿದ್ದರೆ ಆ ಲಸಿಕೆ ಮತ್ತೆ ಹಾಕುತ್ತಿರಲಿಲ್ಲ ಅಂದರು. ಈ ಸಲ ಮೊದಲೇ ಅಲರ್ಜಿ ಔಷಧ ಕೊಟ್ಟು, ಬೇರೆ ಕಂಪನಿಯ ಲಸಿಕೆ ಹಾಕಿ, ಅರ್ಧ ದಿನ ಅಲ್ಲೇ ಇರಿಸಿಕೊಂಡರು. ಊತ ಬರಲಿಲ್ಲ.

ಈಗ ಪಿಂಕಿ ದೊಡ್ಡವಳು. ಲೆಪ್ಟೊ ಪ್ರತಿ ವರ್ಷ ಬೇಕು, ಡಿಸ್ಟೆಂಪರ್ ಮತ್ತು ಪಾರ್ವೊ ಮೂರು ವರ್ಷಕ್ಕೊಮ್ಮೆ ಸಾಕು. ಬೇಕಾದರೆ ಅದಕ್ಕೂ ಮೊದಲು ರಕ್ತ ಪರೀಕ್ಷೆ ಮಾಡಿಸಿ ರಕ್ಷಣೆ ಇದೆಯಾ ಅಂತ ನೋಡಬಹುದು. ಪುಸ್ತಕದ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ "ಲೆಪ್ಟೊ: ಮುಖ ಊದಿತ್ತು" ಅಂತ ಬರೆದಿದ್ದೇನೆ. ಹೊಸ ಡಾಕ್ಟರ್ ಹತ್ತಿರ ಹೋದರೆ ಮೊದಲು ಆ ಪುಟ ತೋರಿಸಿ, ಆಮೇಲೆ ಪಿಂಕಿಯನ್ನು ಬ್ಯಾಗಿನಿಂದ ಹೊರಗೆ ತೆಗೆಯುತ್ತೇನೆ.