ಮುದ್ದೆ ನುಂಗೋದು ಹೇಗೆ ಅಂತ ಇಂಗ್ಲಿಷಲ್ಲಿ ಹೇಳಿ ನೋಡೋಣ

ಇಂಗ್ಲಿಷ್ ಕಲಿಯೋಣ ಅಂತ ಹೊರಟವರು ಮೊದಲು ಮಾಡುವ ಕೆಲಸ ಒಂದು ಗ್ರಾಮರ್ ಪುಸ್ತಕ ತರುವುದು. ಹದಿನೈದು ದಿನ ಟೆನ್ಸ್ ಬಾಯಿಪಾಠ ನಡೆಯುತ್ತದೆ, ಆಮೇಲೆ ಪುಸ್ತಕ ಅಟ್ಟ ಸೇರುತ್ತದೆ. ನನ್ನ ಕತೆಯೂ ಅದೇ. ಒಮ್ಮೆ ಆಫೀಸಿನ ವಿಡಿಯೊ ಕಾಲ್‌ನಲ್ಲಿ ಇಂಗ್ಲೆಂಡಿನವರೊಬ್ಬರು ಮಧ್ಯಾಹ್ನ ಏನು ಊಟ ಅಂತ ಕೇಳಿದರು. ‘ರಾಗಿ ಬಾಲ್’ ಅಂದೆ. ‘ಬಾಲ್?’ ಅಂದರು. ಅಷ್ಟೇ, ಮಾತು ಮುಗಿಯಿತು. ಹಲ್ಲು ಬಂದಾಗಿನಿಂದ ತಿಂದ ಮುದ್ದೆ ಬಗ್ಗೆ ನನ್ನ ಬಾಯಿಂದ ಎರಡು ವಾಕ್ಯ ಬರಲಿಲ್ಲ.

ಅದಕ್ಕೇ ಹೇಳುವುದು, ನಿಮಗೆ ಚೆನ್ನಾಗಿ ಗೊತ್ತಿರುವ ಮನೆ ವಿಷಯದಿಂದ ಶುರು ಮಾಡಿ. ಏನು ಹೇಳಬೇಕು ಅಂತ ಹುಡುಕುವ ಕಷ್ಟ ಇರುವುದಿಲ್ಲ, ಹೇಗೆ ಹೇಳಬೇಕು ಅನ್ನುವುದೊಂದೇ ಉಳಿಯುತ್ತದೆ.

ಮುದ್ದೆಗೆ ಇಂಗ್ಲಿಷ್ ಪದ ಹುಡುಕಬೇಡಿ, ಸಿಗುವುದಿಲ್ಲ. ಅದು ಏನು, ಯಾವುದರಿಂದ ಮಾಡುತ್ತಾರೆ, ಹೇಗೆ ತಿನ್ನುತ್ತಾರೆ, ಈ ಮೂರನ್ನು ಹೇಳಿದರೆ ಸಾಕು. ‘ಇಟ್ಸ್ ಎ ಸಾಫ್ಟ್ ಬಾಲ್ ಮೇಡ್ ಫ್ರಮ್ ಫಿಂಗರ್ ಮಿಲೆಟ್ ಫ್ಲೋರ್. ಯು ಡೋಂಟ್ ಚ್ಯೂ ಇಟ್. ಯು ಡಿಪ್ ಇಟ್ ಇನ್ ಸಾರು ಅಂಡ್ ಸ್ವಾಲೋ ಇಟ್.’ ಸಾರು ಸಾರಾಗಿಯೇ ಇರಲಿ, ಆಮೇಲೆ ಅದನ್ನೂ ಹೀಗೇ ವಿವರಿಸಬಹುದು.

ಈಗ ಫೋನ್‌ನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಇದೇ ವಿಷಯವನ್ನು ಮೂರು ಸಲ ಹೇಳಿ, ಒಂದೊಂದು ಸಲಕ್ಕೆ ಎರಡು ನಿಮಿಷ. ಮೊದಲು, ಮುದ್ದೆ ಮಾಡುವುದು ಹೇಗೆ. ಎರಡನೇ ಸಲ, ನಿನ್ನೆ ನೀವು ಮಾಡಿದ್ದು, ಗಂಟು ಕಟ್ಟಿದ್ದು, ಮನೆಯವರು ನಕ್ಕಿದ್ದು. ಮೂರನೇ ಸಲ, ಅಜ್ಜಿ ಸೌದೆ ಒಲೆ ಮುಂದೆ ಕೂತು ಮಾಡುತ್ತಿದ್ದದ್ದು. ಯಾವಾಗಲೂ ಮಾಡುವುದು, ನಿನ್ನೆ ಮಾಡಿದ್ದು, ಹಿಂದೆ ರೂಢಿ ಇದ್ದದ್ದು, ಮೂರೂ ಬಂತಲ್ವಾ, ಟೆನ್ಸ್ ಪಟ್ಟಿ ಯಾಕೆ ಬೇಕು?

ಆಮೇಲೆ ಕೇಳಿಸಿಕೊಳ್ಳಿ. ಮೊದಲ ಸಲ ಸ್ವಂತ ದನಿ ಕೇಳೋಕೆ ಹಿಂಸೆ ಆಗುತ್ತದೆ, ತಡೆದುಕೊಳ್ಳಿ. ನೀವು ಹುಡುಕಬೇಕಾದದ್ದು ಇಂಗ್ಲಿಷ್ ಪದಗಳ ಕೆಳಗೆ ಕನ್ನಡ ಎಲ್ಲಿ ಕೂತಿದೆ ಅನ್ನುವುದನ್ನು. ಅಜ್ಜಿ ಕತೆಯಲ್ಲಿ ಬಹಳ ಜನ ‘ಮೈ ಗ್ರ್ಯಾಂಡ್‌ಮದರ್ ವಾಸ್ ಮೇಕಿಂಗ್ ಮುದ್ದೆ ಎವ್ರಿ ಡೇ’ ಅನ್ನುತ್ತಾರೆ. ನಮ್ಮ ‘ಮಾಡ್ತಿದ್ದರು’ ಒಂದೇ ಪದ ಎರಡು ಕೆಲಸ ಮಾಡುತ್ತದೆ, ಆ ಹೊತ್ತಿನಲ್ಲಿ ಮಾಡುತ್ತಾ ಇದ್ದರು ಅಂತಲೂ ಹೌದು, ದಿನಾ ಮಾಡುವ ರೂಢಿ ಇತ್ತು ಅಂತಲೂ ಹೌದು. ಇಂಗ್ಲಿಷಲ್ಲಿ ರೂಢಿಗೆ ‘ಯೂಸ್ಡ್ ಟು ಮೇಕ್’ ಬೇಕು. ‘ಬರ್ತೀನಿ’ ಕೂಡ ಹಾಗೇ, ‘ದಿನಾ ಬರ್ತೀನಿ’ಗೂ ಅದೇ, ‘ನಾಳೆ ಬರ್ತೀನಿ’ಗೂ ಅದೇ. ಅದಕ್ಕೇ ‘ಟುಮಾರೊ ಐ ಕಮ್’ ಅಂತ ಬಾಯಿ ತಪ್ಪುತ್ತದೆ. ಅಲ್ಲಿ ‘ಐ ವಿಲ್ ಕಮ್’ ಅಥವಾ ‘ಐ ಆಮ್ ಕಮಿಂಗ್’ ಆಗಬೇಕು.

ಇನ್ನೊಂದು ನಮ್ಮ ‘ಇಂದ’. ಐದು ವರ್ಷದಿಂದ, 2019ರಿಂದ, ಎರಡಕ್ಕೂ ಅದೇ ಪ್ರತ್ಯಯ. ಇಂಗ್ಲಿಷಲ್ಲಿ ಎಷ್ಟು ಕಾಲ ಅನ್ನುವುದಕ್ಕೆ ‘ಫಾರ್’, ಯಾವಾಗ ಶುರು ಅನ್ನುವುದಕ್ಕೆ ‘ಸಿನ್ಸ್’. ‘ಐ ಆಮ್ ಇನ್ ಬೆಂಗಳೂರು ಸಿನ್ಸ್ ಫೈವ್ ಇಯರ್ಸ್’ ಅನ್ನುವ ಬದಲು ‘ಐ ಹ್ಯಾವ್ ಬೀನ್ ಇನ್ ಬೆಂಗಳೂರು ಫಾರ್ ಫೈವ್ ಇಯರ್ಸ್’.

‘ಎ’ ಮತ್ತು ‘ದ’ ಕಾಡುತ್ತಿದ್ದರೆ ನಮ್ಮ ಕತೆ ಹೇಳುವ ಶೈಲಿ ನೆನಪಿಸಿಕೊಳ್ಳಿ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ...’ ಮೊದಲು ‘ಒಬ್ಬ’, ಆಮೇಲೆ ‘ಆ’. ಹೆಚ್ಚು ಕಡಿಮೆ ‘ಎ’, ‘ದ’ ಲೆಕ್ಕವೂ ಇದೇ. ಎಲ್ಲ ಕಡೆ ನಡೆಯುವುದಿಲ್ಲ, ಆದರೆ ಶುರುವಿಗೆ ಇದು ಸಾಕು.

ಒಂದು ದಿನಕ್ಕೆ ಒಂದೇ ತಪ್ಪು ಹಿಡಿಯಿರಿ. ಎಲ್ಲವನ್ನೂ ಒಟ್ಟಿಗೆ ತಿದ್ದೋಕೆ ಹೋದರೆ ಮಾತೇ ನಿಂತುಹೋಗುತ್ತದೆ.

ವ್ಯಾಕರಣ ಸರಿ ಇದ್ದೂ ಮಾತು ಕೆಡುವ ಜಾಗಗಳಿವೆ, ಅಲ್ಲಿ ಕೆಲಸ ಮಾಡುವುದು ಸಂಸ್ಕೃತಿ. ‘ಸ್ವಲ್ಪ ನೀರು ಕೊಡಿ’ ಅಂದಾಗ ಮರ್ಯಾದೆ ಎಲ್ಲಿದೆ? ‘ಕೊಡಿ’ಯ ಕೊನೆಯ ‘ಇ’ಯಲ್ಲಿದೆ. ‘ಗಿವ್’ಗೆ ಅಂಥ ಬಾಲ ಇಲ್ಲ. ನಾವು ಮನಸ್ಸಲ್ಲಿ ‘ಕೊಡಿ’ ಅಂದುಕೊಂಡೇ ‘ಗಿವ್ ಮಿ ವಾಟರ್’ ಅನ್ನುತ್ತೇವೆ, ಕೇಳಿದವರ ಕಿವಿಗೆ ಅದು ‘ನೀರು ಕೊಡೋ’ ಥರ ಬೀಳುತ್ತದೆ. ‘ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?’ ಅಂದರೆ ಆ ‘ಇ’ ವಾಪಸ್ ಬಂತು. ನಾವು ಒರಟರಲ್ಲ, ನಮ್ಮ ಮರ್ಯಾದೆ ಬೇರೆ ಜಾಗದಲ್ಲಿದೆ ಅಷ್ಟೇ.

ಹಾಗೇ ‘ಹೌ ಆರ್ ಯು?’ ಅಂದವರಿಗೆ ಮಂಡಿ ನೋವಿನ ಕತೆ ಬೇಕಾಗಿರುವುದಿಲ್ಲ. ನಾವು ‘ಊಟ ಆಯ್ತಾ?’ ಅಂತ ಕೇಳುವುದೂ ಎಲೆ ಹಾಕೋಕೆ ಅಲ್ಲವಲ್ಲ! ‘ಫೈನ್, ಅಂಡ್ ಯು?’ ಅಂದು ಮುಂದೆ ಹೋಗಿ. ಬ್ರಿಟನ್ನಿನವರ ಜೊತೆ ಮಾತು ಬೆಳೆಸೋಕೆ ಮಳೆ ಬಿಸಿಲಿನ ವಿಷಯ ಒಳ್ಳೆಯದು. ಸಂಬಳ ಎಷ್ಟು, ಮದುವೆ ಯಾವಾಗ ಅನ್ನುವುದನ್ನು ಮೊದಲ ಭೇಟಿಯಲ್ಲಿ ಬಿಟ್ಟುಬಿಡಿ.

ಇನ್ನು ಜಾಸ್ತಿ ಗೊಂದಲ ಮಾಡುವುದು ‘ಹೌದು’. ‘ನೀನು ಬರಲ್ವಾ?’ ಅಂದರೆ ನಾವು ‘ಹೌದು, ಬರಲ್ಲ’ ಅನ್ನುತ್ತೇವೆ. ‘ಆರಂಟ್ ಯು ಕಮಿಂಗ್?’ ಅನ್ನುವುದಕ್ಕೆ ಸುಮ್ನೆ ‘ಯೆಸ್’ ಅಂದರೆ ಬರುತ್ತೀರಿ ಅಂತ ಅರ್ಥ, ನಿಮಗೋಸ್ಕರ ಕಾಯುತ್ತಾ ಕೂರುತ್ತಾರೆ. ಬರದಿದ್ದರೆ ‘ನೋ, ಐ ಆಮ್ ನಾಟ್’.

ಕೇಳೋಕೆ ಸಿನಿಮಾಗಿಂತ ನಿಧಾನವಾಗಿ ಓದುವ ಸುದ್ದಿ ವಾಸಿ. ವಾಯ್ಸ್ ಆಫ್ ಅಮೆರಿಕ ರೇಡಿಯೊ 1959ರಲ್ಲಿ ‘ಸ್ಪೆಷಲ್ ಇಂಗ್ಲಿಷ್’ ಅಂತ ಶುರು ಮಾಡಿತ್ತು, ಸುಮಾರು 1,500 ಪದಗಳೊಳಗೆ, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ. ದೇಶ ವಿದೇಶದ ಸುದ್ದಿಗೇ ಅಷ್ಟು ಪದ ಸಾಕಾಗುತ್ತಿತ್ತು ಅಂದರೆ ನಮ್ಮ ಮುದ್ದೆಗೆ ಸಾಲದೇ?

ಎರಡು ವಾರ ಒಬ್ಬರೇ ಮಾತಾಡಿದ ಮೇಲೆ ಮೂರು ನಾಲ್ಕು ಜನ ಸೇರಿಸಿ, ವಾರಕ್ಕೊಂದು ಸಂಜೆ, ಕಾಫಿ ಜೊತೆ. ಯಾರನ್ನೂ ನಡುವೆ ತಡೆದು ತಿದ್ದಬೇಡಿ, ಚೀಟಿಯಲ್ಲಿ ಬರೆದಿಟ್ಟುಕೊಂಡು ಕೊನೆಗೆ ಹೇಳಿ. ಹೌದು, ಇಲ್ಲ ಅಂತ ಮುಗಿಯುವ ಪ್ರಶ್ನೆ ಬೇಡ. ‘ದಸರಾ ನೋಡಿದ್ದೀರಾ?’ ಅಂದರೆ ಒಂದು ಪದದಲ್ಲಿ ಆಟ ಮುಗಿಯಿತು. ‘ಯುಗಾದಿಗೆ ಬೇವು ಯಾಕೆ, ಬೆಲ್ಲ ಒಂದೇ ಸಾಲದೇ?’, ‘ಮದುವೆಗೆ ಸಾವಿರ ಜನ ಕರೆಯಲೇಬೇಕಾ?’, ‘2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತಲ್ಲ, ನಿಮ್ಮ ಬಾಯಲ್ಲಿ ಏನು ಬದಲಾಯಿತು?’ ಇಂಥವು ಕೇಳಿ.

ಸ್ವಲ್ಪ ಧೈರ್ಯ ಬಂದ ಮೇಲೆ ಪ್ರೈಮರಿ ಮಕ್ಕಳ ಪಾಠ ಯಾವ ಭಾಷೆಯಲ್ಲಿ ಅನ್ನುವ ವಿಷಯ ಇಡಿ. ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಅದು ಕರ್ನಾಟಕದ್ದೇ ಕೇಸು. ಇದಕ್ಕೆ ಅಭಿಪ್ರಾಯ ಇಲ್ಲದವರೇ ಇಲ್ಲ. ದನಿ ಏರುತ್ತದೆ, ಯಾರೋ ಒಬ್ಬರು ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಜಾರುತ್ತಾರೆ. ಜಾರಲಿ. ಯಾವ ಪದ ಸಿಗದೆ ಜಾರಿದರು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಮುಂದಿನ ವಾರ ಅಲ್ಲಿಂದಲೇ ಶುರು.