ಇಂಗ್ಲೆಂಡಿನಲ್ಲಿ ನೈಟ್ ಡ್ಯೂಟಿ: ಸಂಬಳದ ಲೆಕ್ಕ ಹಾಕುವುದು ಹೇಗೆ?

ಹುಬ್ಬಳ್ಳಿಯ ಕಿಮ್ಸ್, ಧಾರವಾಡದ ಎಸ್‌ಡಿಎಂ, ಗದಗಿನ ಜಿಮ್ಸ್‌ನಲ್ಲಿ ಡಾಕ್ಟರಿಕೆ ಓದಿ, ಪ್ಲ್ಯಾಬ್ (ಹೊರದೇಶದ ಡಾಕ್ಟರುಗಳು ಅಲ್ಲಿ ಕೆಲಸ ಮಾಡಲು ಬರೆಯುವ ಪರೀಕ್ಷೆ) ಪಾಸಾಗಿ ಇಂಗ್ಲೆಂಡಿಗೆ ಹೊರಟವರಿಗೆ ಅಲ್ಲಿನ ಪೇ ಸ್ಲಿಪ್ ತಲೆಬುಡ ತಿಳಿಯುವುದಿಲ್ಲ. ಇಲ್ಲಿ ಹೌಸ್ ಸರ್ಜನ್ ಎಷ್ಟು ರಾತ್ರಿ ಕ್ಯಾಶುವಾಲ್ಟಿಯಲ್ಲಿ ನಿಂತರೂ ತಿಂಗಳಿಗೆ ಒಂದೇ ಸ್ಟೈಪೆಂಡ್. ಅಲ್ಲಿ ಗಂಟೆ ಗಂಟೆಗೂ ಲೆಕ್ಕ.

ಮೊದಲು ನಿಮ್ಮ ಕರಾರು ಯಾವುದು ಅಂತ ನೋಡಿ. ನಮ್ಮವರಲ್ಲಿ ಅನೇಕರಿಗೆ ಮೊದಲು ಸಿಗುವುದು ಟ್ರೇನಿಂಗ್ ಹುದ್ದೆಯಲ್ಲ, ಆಸ್ಪತ್ರೆಯೇ ನೇರವಾಗಿ ಕೊಡುವ ಟ್ರಸ್ಟ್ ಗ್ರೇಡ್ ಕೆಲಸ. ಕೆಳಗಿನ ದರಗಳು ಟ್ರೇನಿಂಗ್‌ನಲ್ಲಿರುವ ಡಾಕ್ಟರುಗಳ 2016ರ ಕರಾರಿನವು. ನನಗೂ ಇವೇ ದರವಾ ಎಂದು ಸಹಿಗೆ ಮುಂಚೆಯೇ ಇಮೇಲಿನಲ್ಲಿ ಕೇಳಿ. ಫೋನಿನ ಮಾತು ನಂಬಿ ಕೂರಬೇಡಿ.

ಮೂಲ ಸಂಬಳ ವಾರಕ್ಕೆ 40 ಗಂಟೆಗೆ. ರೋಸ್ಟರಿನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ, ಆ ಗಂಟೆಗಳಿಗೂ ಅದೇ ದರ. ಓವರ್‌ಟೈಮ್ ಅಂದರೆ ಡಬಲ್ ಅಂತ ಲೆಕ್ಕ ಹಾಕಬೇಡಿ.

ಜಾಸ್ತಿ ಬರುವುದು ರಾತ್ರಿಗೆ. ರಾತ್ರಿ 9ರಿಂದ ಬೆಳಿಗ್ಗೆ 7ರವರೆಗಿನ ಗಂಟೆಗಳಿಗೆ ಶೇ 37 ಹೆಚ್ಚು. ಇನ್ನೊಂದು ಅನುಕೂಲವೂ ಇದೆ. ರಾತ್ರಿ 8ರಿಂದ 12ರೊಳಗೆ ಶುರುವಾಗಿ, ಕನಿಷ್ಠ 8 ಗಂಟೆ ನಡೆದು, ಬೆಳಿಗ್ಗೆ 10ರೊಳಗೆ ಮುಗಿಯುವ ಶಿಫ್ಟ್ ಆದರೆ, ಪೂರ್ತಿ ಶಿಫ್ಟಿಗೂ ಶೇ 37 ಸಿಗುತ್ತದೆ. ಗಂಟೆಗೆ 20 ಪೌಂಡ್ ದರ ಅಂತ ಇಟ್ಟುಕೊಳ್ಳಿ. ರಾತ್ರಿ 8.30ರಿಂದ ಬೆಳಿಗ್ಗೆ 9ರ ಶಿಫ್ಟಿನಲ್ಲಿ 12.5 ಗಂಟೆ. ಗಂಟೆಗೆ 7.40 ಪೌಂಡ್‌ನಂತೆ 92.50 ಪೌಂಡ್ ಹೆಚ್ಚು. ಮಧ್ಯಾಹ್ನ 1ರಿಂದ ರಾತ್ರಿ 11ರವರೆಗೆ ದುಡಿದರೆ ಕೊನೆಯ ಎರಡು ಗಂಟೆಗೆ ಮಾತ್ರ, 14.80 ಪೌಂಡ್.

ನಮ್ಮ ಪಿಜಿಗಳಿಗೂ 1992ರ ಕೇಂದ್ರದ ರೆಸಿಡೆನ್ಸಿ ನಿಯಮ ಇದೆ: ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ಡ್ಯೂಟಿ ಇರಬಾರದು, ವಾರಕ್ಕೆ 48 ಗಂಟೆ ಮೀರಬಾರದು. ಮೀರಿದರೆ ಇಷ್ಟು ಹಣ ಅನ್ನುವ ಲೆಕ್ಕ ಮಾತ್ರ ಇಲ್ಲ. ರಾತ್ರಿಯಿಡೀ ಹೊಲಿಗೆ ಹಾಕಿ, ಬೆಳಿಗ್ಗೆ ಮತ್ತೆ ರೌಂಡ್ಸಿಗೆ ನಿಲ್ಲುವ ಹುಡುಗ ಹುಡುಗಿಯರಿಗೆ ಇದು ನ್ಯಾಯವಲ್ಲ.

ವೀಕೆಂಡಿಗೆ ಬೇರೆ ಭತ್ಯೆ. ನಾಲ್ಕು ವಾರಕ್ಕೊಮ್ಮೆ ಆದರೆ ಮೂಲ ಸಂಬಳದ ಶೇ 7.5, ಎಂಟು ವಾರಕ್ಕೊಮ್ಮೆ ಆದರೆ ಶೇ 3. ಮನೆಯಿಂದ ಆನ್‌ಕಾಲ್ ಇದ್ದರೆ ಶೇ 8.

ಇವನ್ನೆಲ್ಲ ಇಡೀ ರೋಸ್ಟರಿನ ಸರಾಸರಿ ತೆಗೆದು ತಿಂಗಳು ತಿಂಗಳು ಹಂಚುತ್ತಾರೆ. ಹಾಗಾಗಿ ನೈಟ್ ಜಾಸ್ತಿ ಬಿದ್ದ ತಿಂಗಳೂ ಸಂಬಳ ಅಷ್ಟೇ ಇರುತ್ತದೆ, ಗಾಬರಿಯಾಗಬೇಡಿ. ಆದರೆ ರೋಸ್ಟರಿನಲ್ಲಿ ಇಲ್ಲದ ಗಂಟೆ ಈ ಸರಾಸರಿಯಲ್ಲಿ ಸೇರುವುದಿಲ್ಲ. 5ಕ್ಕೆ ಮುಗಿಯಬೇಕಾದ ಡ್ಯೂಟಿ ಪೇಷಂಟ್ ಸೀರಿಯಸ್ ಆಗಿ 7ಕ್ಕೆ ಮುಗಿದರೆ, ಎಕ್ಸೆಪ್ಶನ್ ರಿಪೋರ್ಟ್ (ರೋಸ್ಟರಿಗಿಂತ ಹೆಚ್ಚು ದುಡಿದದ್ದರ ವರದಿ) ಹಾಕಬೇಕು. ಎಷ್ಟು ಗಂಟೆಗೆ ಹೊರಟಿರಿ, ಯಾಕೆ ತಡವಾಯಿತು ಎಂದು ಅವತ್ತೇ ಬರೆಯಿರಿ. ಹಣವೋ ರಜೆಯೋ ಸಿಗುತ್ತದೆ. ಹೊಸಬರು ಸಂಕೋಚಕ್ಕೆ ಸುಮ್ನೆ ಇದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ನಿಮ್ಮ ದುಡಿಮೆ ಅಲ್ವಾ? ಟ್ರಸ್ಟ್ ಗ್ರೇಡಿನವರು ಈ ರಿಪೋರ್ಟ್ ಹಾಕಲು ತಮಗೆ ಅವಕಾಶ ಇದೆಯಾ ಎಂದು ಆ ಮೊದಲ ಇಮೇಲಿನಲ್ಲೇ ಕೇಳಿಬಿಡಿ.