ನನ್ನ ಅನುಭವ: ರೋಮನ್ ಬೆಳ್ಳಿ ನಾಣ್ಯ ಓದಲು ಕಲಿತದ್ದು

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿದೆ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. ಟೈಬೀರಿಯಸ್ ಚಕ್ರವರ್ತಿಯ ಡೆನೇರಿಯಸ್. ಕೆಲಸಕ್ಕೆ ಅಂತ ಇಂಗ್ಲೆಂಡಿನ ಬಾತ್ ಊರಿಗೆ ಬಂದ ಮೇಲೆ, ಅಂಥದ್ದೊಂದು ನನ್ನ ಹತ್ತಿರವೂ ಇರಬೇಕು ಅನ್ನಿಸಿತು. ಮೊದಲು ಹೋದ ನಾಣ್ಯ ಮೇಳದಲ್ಲೇ ಒಂದು ಟೈಬೀರಿಯಸ್ ಕೊಂಡೆ.

ಅದು ನಕಲಿ. ಮನೆಗೆ ಬಂದು ತೂಗಿದರೆ 2.9 ಗ್ರಾಂ. ಅವನ ಕಾಲದ ಡೆನೇರಿಯಸ್ ಸಾಮಾನ್ಯವಾಗಿ ಮೂರೂವರೆ ಗ್ರಾಂಗಿಂತ ಜಾಸ್ತಿ ಇರುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಅಕ್ಷರಗಳ ಸಂದಿಯಲ್ಲಿ ದೋಸೆಯ ಮೇಲಿನಂಥ ಪುಟ್ಟ ಪುಟ್ಟ ತೂತುಗಳು. ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗೆರೆ. ರೋಮನ್ನರು ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಅದಕ್ಕೇ ಅಸಲಿ ನಾಣ್ಯದ ಅಕ್ಷರಗಳ ಅಂಚು ಚೂಪಾಗಿರುತ್ತದೆ, ಎಷ್ಟೋ ಸಲ ಬದಿಯಲ್ಲಿ ಬಿರುಕೂ ಇರುತ್ತದೆ. ನನ್ನದು ಲೋಹ ಕರಗಿಸಿ ಎರಕ ಹೊಯ್ದದ್ದು. ಬೈಬಲ್ಲಿನಲ್ಲಿ ಯೇಸು ತೋರಿಸಲು ಕೇಳುವ ತೆರಿಗೆಯ ನಾಣ್ಯ ಇದೇ ಅಂತ ತುಂಬಾ ಜನ ನಂಬುತ್ತಾರೆ. ಬೇಡಿಕೆ ಜಾಸ್ತಿ, ನಕಲಿಯೂ ಜಾಸ್ತಿ.

ಆಮೇಲೆ ಆರು ತಿಂಗಳು ಏನೂ ಕೊಳ್ಳಲಿಲ್ಲ. 2007ರಲ್ಲಿ ಇದೇ ಊರಿನ ಬೋ ಸ್ಟ್ರೀಟ್‌ನಲ್ಲಿ 17,577 ರೋಮನ್ ನಾಣ್ಯಗಳ ನಿಧಿ ಸಿಕ್ಕಿತ್ತು. ಅದನ್ನು ರೋಮನ್ ಸ್ನಾನಗೃಹದ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ರಜೆ ಸಿಕ್ಕಾಗ ಅಲ್ಲಿಗೆ ಹೋಗಿ, ಕಂಡ ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಪದಗಳ ಮಧ್ಯೆ ಜಾಗ ಬಿಟ್ಟಿರುವುದಿಲ್ಲ, 'ಯು' ಇರಬೇಕಾದ ಕಡೆ 'ವಿ' ಇರುತ್ತದೆ. ಮೊದಮೊದಲು ತಲೆ ಕೆಡುತ್ತದೆ. ಒಮ್ಮೆ ರೂಢಿಯಾದರೆ ನಾಣ್ಯವೇ ತನ್ನ ವಯಸ್ಸು ಹೇಳುತ್ತದೆ. 'ಟಿ ಆರ್ ಪಿ' ಅಂತಿದ್ದರೆ ಚಕ್ರವರ್ತಿಗೆ ವರ್ಷ ವರ್ಷ ಹೊಸದಾಗುತ್ತಿದ್ದ ಅಧಿಕಾರ. ಪಕ್ಕದ ಸಂಖ್ಯೆಯಿಂದ ಇಸವಿ ಸಿಗುತ್ತದೆ. 'ಸಿ ಓ ಎಸ್' ಅಂದರೆ ಎಷ್ಟನೇ ಸಲ ಕಾನ್ಸಲ್, ಅಂದರೆ ರೋಮಿನ ದೊಡ್ಡ ಅಧಿಕಾರಿ, ಆದ ಅನ್ನುವ ಲೆಕ್ಕ.

ಮುಂದಿನ ಮೇಳದಲ್ಲಿ, ಗುರುತು ಹಚ್ಚದೆ ಒಂದು ತಟ್ಟೆಯಲ್ಲಿ ಹಾಕಿಟ್ಟಿದ್ದ ಸವೆದ ನಾಣ್ಯಗಳಲ್ಲಿ ಒಂದು ಕಣ್ಣಿಗೆ ಬಿತ್ತು. ಗಡ್ಡದ ಮುಖ. ಹಿಂದೆ ಬಾಗಿದ ಚಂದ್ರ, ಸುತ್ತ ನಕ್ಷತ್ರಗಳು. ಎಣಿಸಿದೆ, ಏಳು. ಕೆಳಗೆ 'ಸಿ ಓ ಎಸ್', ಮೂರು ಗೀಟು. ಹೇಡ್ರಿಯನ್ ಚಕ್ರವರ್ತಿ ಅಂತ ಎದೆ ಡವಗುಟ್ಟಿತು. ಆದರೆ ಅವನು ಮೂರನೇ ಸಲ ಕಾನ್ಸಲ್ ಆದದ್ದು ಕ್ರಿ.ಶ. 119ರಲ್ಲಿ. 138ರಲ್ಲಿ ಸಾಯುವ ತನಕ ಮತ್ತೆ ಆಗಲೇ ಇಲ್ಲ. ಅಂದರೆ ಈ ಮೂರು ಗೀಟಿನಿಂದ ಇಸವಿ ಗೊತ್ತಾಗುವುದಿಲ್ಲ. ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಸವೆದ ಅಕ್ಷರ ಓದಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಮುಖದ ಸುತ್ತ ಇದ್ದದ್ದು ಬರೀ 'ಹೇಡ್ರಿಯಾನಸ್ ಆಗಸ್ಟಸ್'. ಮುಂದೆ ಬಿರುದಿಲ್ಲ, ಅವನ ಹಿಂದಿನ ಚಕ್ರವರ್ತಿ ಟ್ರಾಜನ್ ಹೆಸರೂ ಇಲ್ಲ. ಹಾಗೆ ಚಿಕ್ಕದಾಗಿ ಬರೆದದ್ದು 125ರಿಂದ 128ರ ನಾಣ್ಯಗಳಲ್ಲಿ. ತೂಕ 3.2 ಗ್ರಾಂ. ತಂದು, ಅಮೆರಿಕನ್ ನಾಣ್ಯಶಾಸ್ತ್ರ ಸೊಸೈಟಿಯವರು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿರುವ ಪಟ್ಟಿಯಲ್ಲಿ ಹುಡುಕಿದೆ. ಚಂದ್ರ, ಏಳು ನಕ್ಷತ್ರ ಎಲ್ಲ ಹೊಂದಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಊರಿಂದ ಬಂದಿದ್ದ ಅಮ್ಮ ಅದನ್ನು ನೋಡಿ, "ಏನೋ ಇದು, ಇಷ್ಟು ಕಪ್ಪಾಗಿದೆ? ಕೊಡು, ವಿಭೂತಿ ಹಾಕಿ ತಿಕ್ಕಿಕೊಡ್ತೀನಿ" ಅಂದರು. ಬೇಡಮ್ಮ ಅಂತ ಕೈಯಿಂದ ತಗೊಂಡೆ. ದೇವರ ಮನೆಯ ದೀಪಕ್ಕೆ ಅದು ಸರಿ. ಹಳೇ ನಾಣ್ಯದ ಮೇಲಿನ ಕಪ್ಪು ನೂರಾರು ವರ್ಷ ಕೂತು ಬಂದದ್ದು, ತಿಕ್ಕಿದರೆ ಅದರ ಜೊತೆ ಸವೆದ ಅಕ್ಷರವೂ ಹೋಗುತ್ತದೆ. ಮೆತ್ತನೆಯ ಪಿವಿಸಿ ಕವರಿನಲ್ಲೂ ಇಡಬೇಡಿ, ಹಸಿರು ಅಂಟು ಬರುತ್ತದೆ. ನಾನು ಕಾಗದದ ಲಕೋಟೆ ಬಳಸುತ್ತೇನೆ.

ಎಲ್ಲಿಂದ ಬಂತು ಅಂತ ಮಾರುವವರು ಹೇಳದಿದ್ದರೆ ಈಗ ಕೊಳ್ಳುವುದಿಲ್ಲ. ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಸಿಕ್ಕ ಟೈಬೀರಿಯಸ್ ನಾಣ್ಯದಿಂದ ಆ ಮಣ್ಣಿನ ಪದರದ ಕಾಲ ಅಂದಾಜು ಮಾಡಲು ಆಯಿತು. ಅದೇ ನಾಣ್ಯವನ್ನು ಯಾರೋ ಕದ್ದು ಅಗೆದು ಮಾರಿದ್ದರೆ ಬರೀ ಬೆಳ್ಳಿ ಚೂರಾಗುತ್ತಿತ್ತು, ಅಲ್ವಾ? ಊರಲ್ಲಿ ಯಾರಿಗಾದರೂ ಹೊಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಕರ್ನಾಟಕದಲ್ಲಿ ಅದಕ್ಕೆ 1962ರ ಕಾಯ್ದೆಯೇ ಇದೆ. ನನ್ನ ಲಕೋಟೆಗಳ ಮೇಲೆ ತೂಕ, ಅಗಲದ ಜೊತೆ ಹಿಂದೆ ಯಾರ ಸಂಗ್ರಹದಲ್ಲಿತ್ತು ಅನ್ನುವುದನ್ನೂ ಬರೆಯುತ್ತೇನೆ. ಆ ನಕಲಿ ಟೈಬೀರಿಯಸ್‌ಗೂ ಒಂದು ಲಕೋಟೆ ಇದೆ. ಹೊಸದು ಕೊಳ್ಳುವಾಗಲೆಲ್ಲ ಮೊದಲು ಅದನ್ನು ತೆಗೆದು ಪಕ್ಕದಲ್ಲಿಟ್ಟು ನೋಡುತ್ತೇನೆ.